ಕೊಪರ್ನಿಕಸ್ ಪಾದ್ರಿಯಾಗಿದ್ದನೇ? ಅವನ ಖರ್ಚಿಗೆ ಹಣ ಕೊಟ್ಟವರು ಯಾರು?

ಓದುಗರ ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಸ್ತುಪ್ರದರ್ಶನಕ್ಕೆಂದು ಮಕ್ಕಳು ಕೊಪರ್ನಿಕಸ್‌ನ ಜೀವನದ ಮೇಲೊಂದು ಫಲಕ ಮಾಡುತ್ತಿದ್ದಾರೆ. ಒಂದು ಪುಸ್ತಕ ಅವನನ್ನು ‘ಪೋಲೆಂಡಿನ ಪಾದ್ರಿ’ ಎನ್ನುತ್ತದೆ, ಇನ್ನೊಂದು ‘ಜರ್ಮನ್ ಸನ್ಯಾಸಿ’ ಎನ್ನುತ್ತದೆ, ಮತ್ತೊಂದರಲ್ಲಿ ಅವನು ತಾಮ್ರದ ವ್ಯಾಪಾರಿಯ ಮಗ, ವೃತ್ತಿಯಲ್ಲಿ ವೈದ್ಯ. ಸೂರ್ಯ ಕೇಂದ್ರದಲ್ಲಿದೆ ಎನ್ನುವ ತನ್ನ ಪುಸ್ತಕವನ್ನು ಚರ್ಚಿಗೆ ಹೆದರಿ ಮೂವತ್ತು ವರ್ಷ ಬಚ್ಚಿಟ್ಟ ಎಂದು ವಿಡಿಯೊಗಳು ಹೇಳುತ್ತವೆ. ಆದರೆ ಅವನೇ ಚರ್ಚಿನ ಮನುಷ್ಯನಾಗಿದ್ದರೆ ಹೆದರಿದ್ದು ಯಾರಿಗೆ? ಪಾದ್ರಿಯ ಮನೆಯಲ್ಲಿ ಹೆಂಗಸೊಬ್ಬಳಿದ್ದ ಸಂಗತಿಯೂ ಎಲ್ಲೋ ಓದಿದೆ. ಅವನ ಸಮಾಧಿ ಸಿಕ್ಕಿರುವುದು ನಿಜವೇ? ಫಲಕದಲ್ಲಿ ಏನು ಬರೆಸಲಿ?

ಉತ್ತರ: ನೀವು ಕೇಳಿರುವುದು ಐದಾರು ಪ್ರಶ್ನೆ, ಗಂಟು ಮಾತ್ರ ಒಂದೇ. ಅವನ ಉದ್ಯೋಗ ಏನು ಎಂಬುದು ಗೊತ್ತಿಲ್ಲದೆ ಅವನ ಕತೆ ಹೇಳಿದಾಗ ಇಷ್ಟೂ ಗೊಂದಲ ಹುಟ್ಟುತ್ತದೆ. ಕೊಪರ್ನಿಕಸ್‌ನ ಉದ್ಯೋಗ ಖಗೋಳಶಾಸ್ತ್ರವಲ್ಲ, ಪೌರೋಹಿತ್ಯವೂ ಅಲ್ಲ. 1497ರಿಂದ ಸಾಯುವವರೆಗೆ, ಅಂದರೆ 1543ರವರೆಗೆ, ಅವನು ಬಾಲ್ಟಿಕ್ ತೀರದ ವಾರ್ಮಿಯಾ ಎಂಬ ಧರ್ಮಪ್ರಾಂತ್ಯದ ಕ್ಯಾನನ್. ಈ ಹುದ್ದೆಯೇ ಅವನಿಗೆ ಅನ್ನ, ಮನೆ, ಬಿಡುವು ಕೊಟ್ಟಿತು. ತಲೆನೋವುಗಳೂ ಅದರಿಂದಲೇ ಬಂದವು.

ಕ್ಯಾಥೆಡ್ರಲ್‌ಗೆ, ಅಂದರೆ ಬಿಷಪ್ ಇರುವ ಪ್ರಧಾನ ಚರ್ಚಿಗೆ, ಚಾಪ್ಟರ್ ಎಂಬ ಒಂದು ಮಂಡಳಿ ಇರುತ್ತಿತ್ತು. ಅದರ ಸದಸ್ಯರೇ ಕ್ಯಾನನ್‌ಗಳು. ವಾರ್ಮಿಯಾದಲ್ಲಿ ಅವರ ಸಂಖ್ಯೆ 16. ಚರ್ಚಿನ ಪ್ರಾರ್ಥನೆಗಳ ಏರ್ಪಾಡು, ಆಸ್ತಿಯ ಆಡಳಿತ, ಹೊಸ ಬಿಷಪ್ಪನ ಆಯ್ಕೆ ಅವರ ಕೆಲಸ. ಈ ಬಿಷಪ್ ಧರ್ಮಗುರು ಮಾತ್ರವಲ್ಲ, ಪೋಲೆಂಡಿನ ದೊರೆಯ ಅಧೀನದಲ್ಲಿ ನಾಡು ಆಳುವವನೂ ಹೌದು. ಆ ನಾಡಿನ ಸುಮಾರು ಮೂರನೇ ಒಂದು ಪಾಲು ನೇರವಾಗಿ ಚಾಪ್ಟರಿನ ಕೈಯಲ್ಲಿತ್ತು: ಊರು, ಹಳ್ಳಿ, ಕಾಡು, ಕೆರೆ, ಗಿರಣಿ ಎಲ್ಲ ಸೇರಿ. ಅಲ್ಲಿಂದ ಬರುವ ಗೇಣಿಯಲ್ಲಿ ಪ್ರತಿ ಕ್ಯಾನನ್‌ಗೂ ಪ್ರೆಬೆಂಡ್ ಎಂಬ ಪಾಲು. ನಮ್ಮಲ್ಲಿ ದೇವಸ್ಥಾನಕ್ಕೆ ಬಿಟ್ಟ ಉಂಬಳಿ ಜಮೀನಿನ ಆದಾಯದಿಂದ ಅಲ್ಲಿನ ಹಕ್ಕುದಾರರು ಬದುಕುತ್ತಿದ್ದ ಏರ್ಪಾಡು ಮಕ್ಕಳಿಗೆ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. ಕ್ಯಾನನ್ ಬಡತನದ ವ್ರತ ತೊಟ್ಟವನಲ್ಲ. ಸ್ವಂತ ಆಸ್ತಿ ಇಟ್ಟುಕೊಳ್ಳಬಹುದು, ಸ್ವಂತ ಮನೆಯಲ್ಲಿರಬಹುದು. ಕನಿಷ್ಠ ಇಬ್ಬರು ಆಳು, ಮೂರು ಕುದುರೆ ಇಟ್ಟಿರಬೇಕು ಎಂಬ ಕಟ್ಟಳೆಯೂ ಇತ್ತು. ಆದ್ದರಿಂದ ‘ಸನ್ಯಾಸಿ’ ಎಂಬುದನ್ನು ಫಲಕದಿಂದ ಮೊದಲೇ ತೆಗೆಸಿ.

‘ಪಾದ್ರಿ’ ಎಂಬುದಕ್ಕೆ ಸ್ವಲ್ಪ ವಿವರಣೆ ಬೇಕು. ಕ್ಯಾನನ್ ಆಗಲು ಗುರುದೀಕ್ಷೆ ಬೇಕಿರಲಿಲ್ಲ, ಕೆಳ ದರ್ಜೆಯ ದೀಕ್ಷೆ ಸಾಕಿತ್ತು. ಆ ಹಂತದಲ್ಲಿರುವವನು ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಕೊಪರ್ನಿಕಸ್ ಇದಕ್ಕಿಂತ ಮೇಲಿನ ದೀಕ್ಷೆ ಪಡೆದ ಎನ್ನಲು ಗಟ್ಟಿ ದಾಖಲೆ ಇಲ್ಲ. ಬಿಷಪ್ ಹುದ್ದೆಗೆ 1537ರಲ್ಲಿ ತಯಾರಾದ ನಾಲ್ವರ ಪಟ್ಟಿಯಲ್ಲಿ ಅವನ ಹೆಸರಿದೆ, ಹಾಗಾಗಿ ಅವನು ಪಾದ್ರಿಯೇ ಆಗಿರಬೇಕು ಎಂದು ವಾದಿಸುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಮೊದಲು ಆಯ್ಕೆ, ಆಮೇಲೆ ದೀಕ್ಷೆ ಎಂಬುದು ಆಗ ಸಾಮಾನ್ಯವಾಗಿತ್ತು. ಉಳಿದ ಕ್ಯಾನನ್‌ಗಳಲ್ಲೂ ದೀಕ್ಷೆ ಮುಂದೂಡುತ್ತ ಬಂದವರು ಹಲವರಿದ್ದರು. ಬಿಷಪ್ ಫೆರ್ಬರ್ 1531ರ ಹೊತ್ತಿಗೆ ಅದಕ್ಕಾಗಿ ಅವರ ಬೆನ್ನು ಹತ್ತಿದ್ದ.

ಯಾಕೆ ಮುಂದೂಡುತ್ತಿದ್ದರು? ಮೇಲಿನ ದೀಕ್ಷೆಯಿಂದ ಹಿಂದೆ ಬರುವ ದಾರಿ ಇರಲಿಲ್ಲ. ಕೆಳ ದರ್ಜೆಯವನು ಹುದ್ದೆ ಬಿಟ್ಟು ಮದುವೆಯಾಗಬಹುದಿತ್ತು, ಮನೆಯ ವ್ಯಾಪಾರಕ್ಕೆ ಮರಳಬಹುದಿತ್ತು. ಔಗ್ಸ್‌ಬುರ್ಗ್‌ನ ಯಾಕೋಬ್ ಫುಗ್ಗರ್‌ನನ್ನೇ ನೋಡಿ. ಮುಂದೆ ಚಕ್ರವರ್ತಿಗಳಿಗೆ ಸಾಲ ಕೊಟ್ಟ ಈ ಶ್ರೀಮಂತ ಹರೆಯದಲ್ಲಿ ಹೆರಿಡನ್ ಎಂಬ ಊರಿನಲ್ಲಿ ಕ್ಯಾನನ್ ಹುದ್ದೆ ಹೊಂದಿದ್ದ. ವ್ಯಾಪಾರಿ ಮನೆತನಗಳಿಗೆ ಇದು ಲೆಕ್ಕಾಚಾರದ ವಿಷಯ: ಒಬ್ಬ ಮಗ ಚರ್ಚಿನ ಆದಾಯದಲ್ಲಿ ಓದಿ ಕಾನೂನು ಕಲಿತರೆ ಇಡೀ ಮನೆತನಕ್ಕೆ ಬಲ.

ಆದರೆ ಈ ಬಾಗಿಲು ಎಲ್ಲ ಕಡೆಯೂ ತೆರೆದಿರಲಿಲ್ಲ. ಸ್ಟ್ರಾಸ್‌ಬುರ್ಗ್ ಚಾಪ್ಟರ್ ದೊಡ್ಡ ಕುಲೀನ ಮನೆತನಗಳಿಗೆ ಮೀಸಲು. ಔಗ್ಸ್‌ಬುರ್ಗ್‌ನದು ತನ್ನದೇ ನಗರದ ನಾಗರಿಕರ ಮಕ್ಕಳನ್ನು ಹೊರಗಿಟ್ಟಿತ್ತು. ಬಾಲ್ಟಿಕ್ ತೀರದ ವಾರ್ಮಿಯಾದಲ್ಲಿ ಪರಿಸ್ಥಿತಿ ತಿರುಗುಮುರುಗು: ಗ್ದಾನ್ಸ್ಕ್, ತೊರೂನ್, ಎಲ್‌ಬ್ಲಾಂಗ್ ಎಂಬ ಬಂದರು-ಸಂತೆ ಪಟ್ಟಣಗಳ ಸೆಟ್ಟರ ಮನೆಗಳ ಮಕ್ಕಳೇ ಚಾಪ್ಟರಿನಲ್ಲಿ ತುಂಬಿದ್ದರು. ಕೊಪರ್ನಿಕಸ್‌ನ ಆಪ್ತ ಗೆಳೆಯ ಟೀಡೆಮನ್ ಗೀಸೆ, ಈಗ ಹೇಳಿದ ಬಿಷಪ್ ಫೆರ್ಬರ್ ಇಬ್ಬರೂ ಗ್ದಾನ್ಸ್ಕ್‌ನ ಇಂಥ ಮನೆತನದವರು.

ಕೊಪರ್ನಿಕಸ್ 1473ರ ಫೆಬ್ರವರಿ 19ರಂದು ತೊರೂನ್‌ನಲ್ಲಿ ಹುಟ್ಟಿದ. ತಂದೆ ಕ್ರಾಕೋವ್‌ನಿಂದ ಬಂದು ನೆಲೆಸಿದ ತಾಮ್ರದ ವ್ಯಾಪಾರಿ, ತಾಯಿ ಬಾರ್ಬರಾ ವಾಟ್ಜೆನ್‌ರೋಡೆ ಅದೇ ಊರಿನ ಶ್ರೀಮಂತ ವ್ಯಾಪಾರಿಯ ಮಗಳು. ಹತ್ತರ ಆಸುಪಾಸಿನಲ್ಲಿ ತಂದೆ ತೀರಿಕೊಂಡ. ಆಮೇಲೆ ನಾಲ್ಕು ಮಕ್ಕಳ ಬದುಕಿಗೆ ದಿಕ್ಕು ತೋರಿಸಿದವನು ಸೋದರಮಾವ ಲೂಕಾಸ್ ವಾಟ್ಜೆನ್‌ರೋಡೆ. ಅವನೂ ಮೊದಲು ಕ್ಯಾನನ್, 1489ರಲ್ಲಿ ವಾರ್ಮಿಯಾದ ಬಿಷಪ್. ಅಕ್ಕಂದಿರಲ್ಲಿ ಒಬ್ಬಳು ವ್ಯಾಪಾರಿಯನ್ನು ಮದುವೆಯಾದಳು, ಇನ್ನೊಬ್ಬಳು ಕನ್ಯಾಮಠ ಸೇರಿದಳು. ಗಂಡುಮಕ್ಕಳಿಬ್ಬರಿಗೂ ಮಾವ ಕ್ಯಾನನ್ ಹುದ್ದೆ ಹಿಡಿಸಿಕೊಟ್ಟ. ಇದು ಸ್ವಜನಪಕ್ಷಪಾತವೇ, ಅದನ್ನು ಮಕ್ಕಳಿಂದ ಮುಚ್ಚಿಡಬೇಕಿಲ್ಲ.

ಹಾಗೆಂದು ಮಾವ ಬಿಷಪ್ ಆದೊಡನೆ ಕೆಲಸ ಸಲೀಸಾಯಿತು ಎಂದುಕೊಳ್ಳಬೇಡಿ. ಜರ್ಮನ್ ನಾಡುಗಳಲ್ಲಿ 1448ರ ವಿಯೆನ್ನಾ ಒಪ್ಪಂದದ ಪ್ರಕಾರ ಜನವರಿ, ಮಾರ್ಚ್, ಮೇ ಹೀಗೆ ಬೆಸ ತಿಂಗಳುಗಳಲ್ಲಿ ತೆರವಾದ ಜಾಗ ತುಂಬುವುದು ಪೋಪ್‌ನ ಹಕ್ಕು, ಸಮ ತಿಂಗಳಿನದು ಸ್ಥಳೀಯರದು. ಹಳೆಯ ಕ್ಯಾನನ್ ಯಾವ ತಿಂಗಳು ಸತ್ತ ಎಂಬುದರ ಮೇಲೆ ವ್ಯಾಜ್ಯಗಳೇ ನಡೆಯುತ್ತಿದ್ದವು. ಅಳಿಯನಿಗೆ 1495ರಲ್ಲಿ ಮಾವ ಮಾಡಿದ ಮೊದಲ ಪ್ರಯತ್ನ ತಕರಾರಿನಲ್ಲಿ ಸಿಕ್ಕಿಕೊಂಡಿತು. ಹುದ್ದೆ ಕೈಗೆ ಬಂದದ್ದು 1497ರಲ್ಲಿ. ಅಭ್ಯರ್ಥಿ ಆಗ ಇಟಲಿಯ ಬೊಲೋನ್ಯಾದಲ್ಲಿ ಧರ್ಮಶಾಸನ, ಅಂದರೆ ಚರ್ಚಿನ ಕಾನೂನು, ಓದುತ್ತಿದ್ದ, ಹುದ್ದೆ ವಹಿಸಿಕೊಂಡದ್ದು ಪ್ರತಿನಿಧಿಯ ಮೂಲಕ.

ನೀವು ಕೇಳಿದ ಹಣದ ಮಾತು ಇಲ್ಲಿಗೇ ಸೇರುತ್ತದೆ. ಕ್ರಾಕೋವ್ ವಿಶ್ವವಿದ್ಯಾಲಯಕ್ಕೆ 1491ರಲ್ಲಿ ಕಳಿಸಿದ್ದು ಮಾವ. ಇಟಲಿಯ ಓದಿಗೂ ಅವನೇ ಆಧಾರ. ಆದರೂ 1499ರಲ್ಲಿ ಅಣ್ಣ ಆಂಡ್ರಿಯಾಸ್ ಮತ್ತು ತಮ್ಮ ಇಬ್ಬರೂ ಬೊಲೋನ್ಯಾದಲ್ಲಿ ಕೈ ಖಾಲಿ ಮಾಡಿಕೊಂಡರು. ಅವರಿಗೆಂದು ಬಡ್ಡಿಗೆ 100 ಡುಕಾಟ್ ಸಾಲ ಎತ್ತಬೇಕಾಯಿತು. ಇಬ್ಬರೂ 1501ರಲ್ಲಿ ಊರಿಗೆ ಬಂದು ಚಾಪ್ಟರಿನ ಮುಂದೆ ಮತ್ತೆ ರಜೆ ಕೇಳಿದರು. ಚಾಪ್ಟರಿನ ಕಟ್ಟಳೆಯೇ ಓದಿಗೆ ಅನುಕೂಲವಾಗಿತ್ತು: ತಕ್ಕ ಪದವಿ ಇಲ್ಲದ ಕ್ಯಾನನ್ ಮೂರು ವರ್ಷವಾದರೂ ವಿಶ್ವವಿದ್ಯಾಲಯದಲ್ಲಿ ಓದಬೇಕು. ಕೊಪರ್ನಿಕಸ್ ವೈದ್ಯಕೀಯ ಕಲಿತು ಬಂದು ಬಿಷಪ್ಪನಿಗೂ ಚಾಪ್ಟರಿಗೂ ಮದ್ದು ಕೊಡುತ್ತೇನೆ ಎಂದು ಮಾತು ಕೊಟ್ಟು ಪಾದುವಾಗೆ ಹೋದ. ಅಲ್ಲಿ ಎರಡು ವರ್ಷ ಓದಿದರೂ ವೈದ್ಯಪದವಿ ತೆಗೆದುಕೊಳ್ಳಲಿಲ್ಲ. ಅವನ ಡಾಕ್ಟರ್ ಪದವಿ ಧರ್ಮಶಾಸನದಲ್ಲಿ, ಫೆರಾರಾದಿಂದ, 1503ರ ಮೇ 31ರಂದು. ಖಗೋಳಶಾಸ್ತ್ರದಲ್ಲಿ ಅವನಿಗೆ ಪದವಿಯೇ ಇರಲಿಲ್ಲ.

ಊರಿಗೆ ಮರಳಿದ ಮೇಲೆ 1510ರ ತನಕ ಲಿಡ್ಜ್‌ಬಾರ್ಕ್ ಕೋಟೆಯಲ್ಲಿ ಮಾವನ ಕಾರ್ಯದರ್ಶಿ ಮತ್ತು ವೈದ್ಯ, ಆಮೇಲೆ ಫ್ರೊಂಬೊರ್ಕ್‌ನಲ್ಲಿ ಪೂರ್ಣಾವಧಿ ಕ್ಯಾನನ್. ಫ್ರೊಂಬೊರ್ಕ್ ಸಮುದ್ರದ ಹಿನ್ನೀರಿನ ದಂಡೆಯ ಸಣ್ಣ ಊರು, ವಾರ್ಮಿಯಾದ ಕ್ಯಾಥೆಡ್ರಲ್ ಇದ್ದದ್ದು ಅಲ್ಲೇ. ವಿಸ್ತುಲಾ ನದಿಯ ಕಡೆಯಿಂದ ಏಳುವ ಮಂಜಿನಿಂದಾಗಿ ಬುಧ ಗ್ರಹವನ್ನು ನೋಡಲಾಗುವುದಿಲ್ಲ ಎಂದು ಅವನೇ ಬರೆದಿದ್ದಾನೆ. ಬುಧನ ಲೆಕ್ಕಕ್ಕೆ ನ್ಯೂರೆಂಬರ್ಗ್‌ನವರ ವೀಕ್ಷಣೆಗಳನ್ನು ಎರವಲು ಪಡೆಯಬೇಕಾಯಿತು.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಂದ ನೇರ ಆಕಾಶಕ್ಕೆ ಹಾರುತ್ತವೆ. ಅವನ ದಿನಗಳು ಕಳೆದದ್ದು ಬಹುಮಟ್ಟಿಗೆ ನೆಲದ ಮೇಲೆ. ಚಾಪ್ಟರ್ 1516ರ ನವೆಂಬರಿನಲ್ಲಿ ಅವನನ್ನು ಓಲ್ಶ್ಟಿನ್‌ಗೆ ಆಡಳಿತಾಧಿಕಾರಿಯಾಗಿ ಕಳಿಸಿತು. ಹದಿನೈದನೇ ಶತಮಾನದ ಯುದ್ಧಗಳಿಂದ ಅಲ್ಲಿನ ಎಷ್ಟೋ ಹೊಲ ಪಾಳು ಬಿದ್ದಿದ್ದವು. ಒಕ್ಕಲು ಇಲ್ಲದಿದ್ದರೆ ಗೇಣಿ ಇಲ್ಲ, ಗೇಣಿ ಇಲ್ಲದಿದ್ದರೆ 16 ಕ್ಯಾನನ್‌ಗಳಿಗೆ ಊಟ ಇಲ್ಲ. ಅವನು ಕುದುರೆಯೇರಿ ಹಳ್ಳಿ ಹಳ್ಳಿ ತಿರುಗಿ, ಯಾವ ಹೊಲ ಯಾಕೆ ಖಾಲಿಯಾಯಿತು, ಯಾರಿಗೆ ಕೊಟ್ಟೆ ಎಂದು ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಅವನದೇ ಕೈಬರಹದ ಆ ದಾಖಲೆಯಲ್ಲಿ 70ಕ್ಕೂ ಹೆಚ್ಚು ನಮೂದುಗಳಿವೆ. ಹಿಂದಿನ ಒಕ್ಕಲು ಸತ್ತ, ಓಡಿಹೋದ ಅಥವಾ ಮುದುಕನಾಗಿ ಕೈಲಾಗದೆ ಬಿಟ್ಟ. ಹೊಸಬನಿಗೆ ಇಷ್ಟು ಕುದುರೆ, ಹಸು, ಹಂದಿ, ಇಷ್ಟು ರೈ ಧಾನ್ಯದೊಂದಿಗೆ ಹೊಲ ವಹಿಸಿದೆ. ಗೇಣಿ ಇಂಥ ವರ್ಷದಿಂದ ಶುರು. ಅಳತೆಯ ಘಟಕ ಹೂಫೆ, ಒಂದು ಹೂಫೆ ಎಂದರೆ ಸುಮಾರು 17 ಹೆಕ್ಟೇರ್. ಫಲಕದಲ್ಲಿ ಅಚ್ಚರಿಯ ಒಂದು ಸಂಗತಿಗೆ ಮಾತ್ರ ಜಾಗವಿದ್ದರೆ ಈ ಲೆಕ್ಕದ ಪುಸ್ತಕವನ್ನು ಹಾಕಿಸಿ. ಓಲ್ಶ್ಟಿನ್ ಕೋಟೆಯ ಪಡಸಾಲೆಯ ಗೋಡೆಯ ಮೇಲೆ, ವಿಷುವದ ಆಸುಪಾಸಿನಲ್ಲಿ ಸೂರ್ಯನ ಚಲನೆ ಗುರುತಿಸಲು ಅವನು ಬರೆದ ಗೆರೆಗಳ ಕೋಷ್ಟಕ ಈಗಲೂ ಉಳಿದಿದೆ.

ಯುದ್ಧ ಅವನ ಮನೆಬಾಗಿಲಿಗೂ ಬಂತು. ಟ್ಯೂಟಾನಿಕ್ ಎಂಬ ಧಾರ್ಮಿಕ ಯೋಧಸಂಘದ ಪಡೆ 1520ರ ಜನವರಿಯಲ್ಲಿ ಫ್ರೊಂಬೊರ್ಕ್‌ಗೆ ಬೆಂಕಿ ಇಟ್ಟಿತು. ಕ್ಯಾಥೆಡ್ರಲ್ ಕೋಟೆಯ ಹೊರಗಿದ್ದ ಕ್ಯಾನನ್‌ಗಳ ಮನೆಗಳು ಸುಟ್ಟವು, ಅವನದೂ ಹೋಯಿತು. ಓಲ್ಶ್ಟಿನ್‌ನಿಂದ ಚಾಪ್ಟರಿನ ಪರವಾಗಿ ಪೋಲೆಂಡಿನ ದೊರೆ ಸಿಗಿಸ್ಮಂಡ್‌ಗೆ ಸಹಾಯ ಬೇಡಿ ನವೆಂಬರ್ 16ರಂದು ಪತ್ರ ಹೋಯಿತು. ಊರು ಶತ್ರುವಿನ ಕೈಗೆ ಬೀಳಲಿಲ್ಲ.

ನಾಣ್ಯದ ಕೆಲಸವೂ ಚಾಪ್ಟರಿನ ಪರವಾಗಿಯೇ ಅವನ ಹೆಗಲಿಗೆ ಬಂತು. ವಾರ್ಮಿಯಾ ಸೇರಿದ್ದ ಪ್ರಷ್ಯಾ ಸೀಮೆಯಲ್ಲಿ ಒಂದು ಮಾರ್ಕ್ ಎಂದರೆ 60 ಶಿಲಿಂಗ್. ಲೆಕ್ಕ ಅದೇ ಉಳಿದರೂ ಒಳಗಿನ ಬೆಳ್ಳಿ ಕರಗುತ್ತ ಹೋಗಿತ್ತು, ತಾಮ್ರ ಹೆಚ್ಚಿತ್ತು. ಹಳೆಯ ಗಟ್ಟಿ ನಾಣ್ಯ ಮತ್ತು ಹೊಸ ಸಪ್ಪೆ ನಾಣ್ಯ ಒಂದೇ ಬೆಲೆಗೆ ಚಲಾವಣೆಯಾದರೆ ಅಕ್ಕಸಾಲಿಗರು ಹಳೆಯದನ್ನು ಆರಿಸಿ ಕರಗಿಸುತ್ತಾರೆ, ಸಂತೆಯಲ್ಲಿ ಉಳಿಯುವುದು ಸಪ್ಪೆಯದೇ. ಈ ಬಗ್ಗೆ ಅವನು ಬರೆದ ಬರಹದ ಮೊದಲ ಕರಡು 1517ರದು. ಅದನ್ನು ತಿದ್ದಿ 1522ರಲ್ಲಿ ಗ್ರುಜೊಂಜ್ ಊರಿನಲ್ಲಿ ಸೇರಿದ ಪ್ರಷ್ಯಾದ ಪ್ರತಿನಿಧಿಗಳ ಸಭೆಯ ಮುಂದಿಟ್ಟ, ಕೊನೆಯ ರೂಪಕ್ಕೆ 1520ರ ದಶಕದ ಉತ್ತರಾರ್ಧ ಬಂತು. ಪರಿಹಾರವಾಗಿ ಅವನು ಕೇಳಿದ್ದು ಟಂಕಸಾಲೆಗಳ ಸಂಖ್ಯೆ ಇಳಿಸುವುದು, ಹೊಸ ನಾಣ್ಯ ಬಂದೊಡನೆ ಹಳೆಯದನ್ನು ಪೂರ್ತಿ ವಾಪಸು ತೆಗೆದುಕೊಳ್ಳುವುದು. ಟಂಕಿಸುವ ಹಕ್ಕಿನಿಂದ ಲಾಭ ಪಡೆಯುತ್ತಿದ್ದ ಪಟ್ಟಣಗಳಿಗೆ ಇದು ಹಿಡಿಸಲಿಲ್ಲ. ಅವುಗಳಲ್ಲಿ ಅವನ ಹುಟ್ಟೂರೂ ಒಂದು. ‘ಕೆಟ್ಟ ಹಣ ಒಳ್ಳೆಯ ಹಣವನ್ನು ಓಡಿಸುತ್ತದೆ’ ಎಂಬ ನಿಯಮವನ್ನು ಅವನೇ ಮೊದಲು ಕಂಡುಹಿಡಿದ ಎಂದು ಮಾತ್ರ ಬರೆಸಬೇಡಿ. ಫ್ರಾನ್ಸಿನ ಒರೆಮ್ ಹದಿನಾಲ್ಕನೇ ಶತಮಾನದಲ್ಲೇ ಇದನ್ನು ಚರ್ಚಿಸಿದ್ದ, ಅವನೂ ಚರ್ಚಿನವನೇ. ಓಲ್ಶ್ಟಿನ್‌ನ ಬೇಕರಿಯವರಿಗಾಗಿ 1531ರ ಸುಮಾರಿಗೆ ಕೊಪರ್ನಿಕಸ್ ಬ್ರೆಡ್ಡಿನ ಕೋಷ್ಟಕವನ್ನೂ ಮಾಡಿದ. ಧಾನ್ಯದ ದರ ಏರಿದರೆ ಬ್ರೆಡ್ಡಿನ ಬೆಲೆ ಏರುವುದಿಲ್ಲ, ತೂಕ ಇಳಿಯುತ್ತದೆ. ಎಷ್ಟು ಇಳಿಯಬೇಕು ಎಂಬುದೇ ಆ ಲೆಕ್ಕ.

ಇನ್ನು ಹೆದರಿಕೆಯ ವಿಷಯ. ಸೂರ್ಯ ಕೇಂದ್ರದಲ್ಲಿದೆ ಎಂಬ ಅವನ ಸಣ್ಣ ಬರಹ 1514ಕ್ಕೆ ಮೊದಲೇ ಗೆಳೆಯರ ನಡುವೆ ಕೈಬರಹದಲ್ಲಿ ಓಡಾಡುತ್ತಿತ್ತು, ಬಚ್ಚಿಟ್ಟದ್ದಲ್ಲ. ಪೋಪ್ ಏಳನೇ ಕ್ಲೆಮೆಂಟ್‌ಗೆ 1533ರಲ್ಲಿ ವ್ಯಾಟಿಕನ್ ತೋಟದಲ್ಲಿ ಈ ಸಿದ್ಧಾಂತವನ್ನು ವಿವರಿಸಲಾಯಿತು, ವಿವರಿಸಿದವನಿಗೆ ಉಡುಗೊರೆಯೂ ಸಿಕ್ಕಿತು. ಕಾರ್ಡಿನಲ್ ಶೋನ್‌ಬರ್ಗ್ 1536ರ ನವೆಂಬರ್ 1ರಂದು ಪತ್ರ ಬರೆದು ಕೃತಿಯ ಪ್ರತಿ ಕೇಳಿದ. ಆ ಪತ್ರವನ್ನೇ ಪುಸ್ತಕದ ಮೊದಲಿಗೆ ಅಚ್ಚು ಹಾಕಲಾಯಿತು. ಪುಸ್ತಕದ ಅರ್ಪಣೆ ಪೋಪ್ ಮೂರನೇ ಪಾಲ್‌ಗೆ. ರೋಮ್ ಅದನ್ನು ‘ತಿದ್ದುವವರೆಗೆ’ ತಡೆಹಿಡಿದದ್ದು 1616ರಲ್ಲಿ, ಗೆಲಿಲಿಯೊ ಕಾಲದ ಜಗಳದಲ್ಲಿ. ಕರ್ತೃ ಸತ್ತು ಆಗ 73 ವರ್ಷವಾಗಿತ್ತು.

ಹಾಗಾದರೆ ತಡ ಯಾಕೆ? ಜನ ನಗುತ್ತಾರೆ ಎಂಬ ಅಳುಕನ್ನು ಅರ್ಪಣೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಭೂಮಿ ಓಡುತ್ತಿದೆ ಎಂದವನನ್ನು ಪಂಡಿತರು ಗೇಲಿ ಮಾಡುತ್ತಿದ್ದರು, ಬೈಬಲ್ ಪದಗಳನ್ನು ಹಿಡಿದು ಜಗ್ಗುವವರೂ ಇರುತ್ತಿದ್ದರು. ಅದಕ್ಕಿಂತ ದೊಡ್ಡ ಅಡ್ಡಿ ಲೆಕ್ಕದ್ದು ಎನ್ನಬೇಕು. ಗ್ರಹಗಳು ನಿಧಾನ, ಒಂದು ಗ್ರಹದ ಕಕ್ಷೆ ಲೆಕ್ಕ ಹಾಕಲು ಹಲವು ವರ್ಷಗಳ ಅಂತರದ ವೀಕ್ಷಣೆಗಳು ಬೇಕು. ದೂರದರ್ಶಕ ಇನ್ನೂ ಹುಟ್ಟಿರಲಿಲ್ಲ. ಅವನ ಮುಖ್ಯ ಉಪಕರಣ ಮೂರು ಮರದ ಪಟ್ಟಿಗಳನ್ನು ಜೋಡಿಸಿದ ತ್ರಿಕೋನ. ಕೊಳವೆ ಹಿಡಿದ ಕೊಪರ್ನಿಕಸ್‌ನ ಚಿತ್ರ ಸಿಕ್ಕಿದರೆ ಬಿಟ್ಟುಬಿಡಿ. ಮಾಟೆಯ್ಕೊ 1873ರಲ್ಲಿ ಬರೆದ ಪ್ರಸಿದ್ಧ ವರ್ಣಚಿತ್ರವೂ ಕಲ್ಪನೆಯೇ. ದಾಖಲೆಯಲ್ಲಿರುವುದು 1513ರಲ್ಲಿ ಅವನು 800 ಇಟ್ಟಿಗೆ ಮತ್ತು ಒಂದು ಪೀಪಾಯಿ ಸುಣ್ಣ ಕೊಂಡದ್ದು, ವೀಕ್ಷಣೆಯ ಕಟ್ಟೆ ಕಟ್ಟಲು.

ನಿಜವಾಗಿ ಅವನು ಅಳುಕಿದ್ದು ಸ್ಥಳೀಯ ಬಿಷಪ್ಪನ ಕಣ್ಣಿಗೆ. ಫೆರ್ಬರ್ ಸತ್ತ ಮೇಲೆ ಬಂದ ದಾಂಟಿಸ್ಕುಸ್ ಚಾಪ್ಟರನ್ನು ಬಿಗಿ ಮಾಡಲು ಹೊರಟ. ಕೊಪರ್ನಿಕಸ್‌ನ ಮನೆ ನೋಡಿಕೊಳ್ಳುತ್ತಿದ್ದ ಆನಾ ಶಿಲಿಂಗ್‌ಳನ್ನು ಹೊರಗೆ ಕಳಿಸು ಎಂದು 1538ರಲ್ಲಿ ಒತ್ತಾಯಿಸಿದ. ಬದಲಿ ಸಿಗುವುದು ಕಷ್ಟ, ಸ್ವಲ್ಪ ಕಾಲ ಬೇಕು ಎಂದು ಕೊಪರ್ನಿಕಸ್ ಡಿಸೆಂಬರ್ 2ರಂದು ವಿನಯದ ಉತ್ತರ ಬರೆದ. ಜನವರಿಯಲ್ಲಿ, ಆದದ್ದಾಯಿತು ಎಂದು ತಿಳಿಸಿದ. ಇಬ್ಬರ ಸಂಬಂಧ ಎಂಥದ್ದೆಂದು ಹೇಳುವ ಪುರಾವೆ ಇಲ್ಲ. ಫಲಕದಲ್ಲಿ ‘ಪ್ರೇಯಸಿ’ ಎಂದರೂ ತಪ್ಪು, ಬರಿಯ ಅಪಪ್ರಚಾರ ಎಂದರೂ ತಪ್ಪು. ದಾಂಟಿಸ್ಕುಸ್‌ಗೇ ಸ್ಪೇನಿನಲ್ಲಿ ಮಗಳಿದ್ದಳು ಎಂಬುದು ಪಕ್ಕದ ಮಾತು. ಕೊಪರ್ನಿಕಸ್ ಸತ್ತ ಮೇಲೆ 1543ರ ಸೆಪ್ಟೆಂಬರಿನಲ್ಲಿ ಆನಾ ತನ್ನ ಮನೆ ಮಾರಲು ಊರಿಗೆ ಬಂದಾಗ, ಕಾರಣವೇ ಇಲ್ಲವಾಯಿತಲ್ಲ, ಇನ್ನು ಇರಲು ಬಿಡಬಹುದೇ ಎಂದು ಚಾಪ್ಟರ್ ಕೇಳಿತು. ಆಗಲೂ ಬಿಷಪ್ ಒಪ್ಪಲಿಲ್ಲ.

ಅದೇ ಬಿಷಪ್ 1539ರ ಮಾರ್ಚಿನಲ್ಲಿ, ಪೋಪ್‌ನ ಅಧಿಕಾರ ಒಪ್ಪದ ಲೂಥರನ್ ಪಂಥದವರ ವಿರುದ್ಧ ಆಜ್ಞೆ ಹೊರಡಿಸಿದ. ಮೇ ತಿಂಗಳಲ್ಲಿ ಕೊಪರ್ನಿಕಸ್‌ನ ಮನೆಗೆ ಬಂದಿಳಿದವನು ಲೂಥರನ ಊರಾದ ವಿಟೆನ್‌ಬರ್ಗ್‌ನ ಗಣಿತದ ಪ್ರಾಧ್ಯಾಪಕ, 25 ವರ್ಷದ ರೆಟಿಕುಸ್! ಅವನನ್ನು ಮನೆಯಲ್ಲಿ ಇಟ್ಟುಕೊಂಡದ್ದು ಅಪಾಯದ ಕೆಲಸ, ಆದರೂ ಇಟ್ಟುಕೊಂಡ. ಪುಸ್ತಕವನ್ನು ಅಚ್ಚಿಗೆ ಹೊರಡಿಸಿದವನು ಅವನೇ. ಅಚ್ಚಾದದ್ದು 1543ರಲ್ಲಿ, ನ್ಯೂರೆಂಬರ್ಗ್‌ನ ಪೆಟ್ರೇಯುಸ್‌ನ ಮುದ್ರಣಾಲಯದಲ್ಲಿ. ‘ಇದು ಬರಿಯ ಲೆಕ್ಕದ ಅನುಕೂಲಕ್ಕೆ ಮಾಡಿದ ಊಹೆ’ ಎಂಬ ಮುನ್ನುಡಿಯನ್ನು ಹೆಸರು ಹಾಕದೆ ತೂರಿಸಿದವನು ಓಸಿಯಾಂಡರ್ ಎಂಬ ಲೂಥರನ್ ಬೋಧಕ. ಅದು ಕೊಪರ್ನಿಕಸ್‌ನ ಮಾತಲ್ಲ, ಮಕ್ಕಳು ಉಲ್ಲೇಖಿಸುವಾಗ ಎಚ್ಚರ ಇರಲಿ.

ದೇಶದ ಪ್ರಶ್ನೆಗೆ ನಿಮ್ಮ ಮುಂದೆ ಮೂರು ದಾರಿಗಳಿವೆ. ‘ಪೋಲಿಷ್’ ಎಂದು ಬರೆದರೆ ರಾಜನಿಷ್ಠೆಯ ದೃಷ್ಟಿಯಿಂದ ಸರಿ: ತೊರೂನ್ 1466ರ ಶಾಂತಿ ಒಪ್ಪಂದದಿಂದ ಪೋಲೆಂಡಿನ ದೊರೆಯದು, ಇವನು ಆ ದೊರೆಯ ಪರವಾಗಿಯೇ ನಿಂತವನು. ಆದರೆ ಅವನ ಕೈಬರಹದ ಪೋಲಿಷ್ ಬರಹ ಒಂದೂ ಉಳಿದಿಲ್ಲ, ಇರುವುದು ಲ್ಯಾಟಿನ್ ಮತ್ತು ಜರ್ಮನ್. ‘ಜರ್ಮನ್’ ಎಂದು ಬರೆದರೆ ಭಾಷೆ, ಮನೆತನದ ದೃಷ್ಟಿಯಿಂದ ಒಪ್ಪುತ್ತದೆ, ಬೊಲೋನ್ಯಾದಲ್ಲಿ ಅವನು ಸೇರಿದ್ದೂ ಜರ್ಮನ್ ವಿದ್ಯಾರ್ಥಿಗಳ ಸಂಘವನ್ನು. ಆದರೆ ಓದುವವರು ಇಂದಿನ ಜರ್ಮನಿಯನ್ನು ನೆನೆಯುತ್ತಾರೆ, ಅದು ಆಗ ಇರಲೇ ಇಲ್ಲ. ಮೂರನೆಯ ದಾರಿ ಉದ್ದ, ಆದರೆ ಸುರಕ್ಷಿತ: ‘ಪೋಲೆಂಡಿನ ದೊರೆಯ ಅಧೀನದಲ್ಲಿದ್ದ ಪ್ರಷ್ಯಾದ, ಜರ್ಮನ್ ಮಾತಾಡುವ ವ್ಯಾಪಾರಿ ಮನೆತನದಲ್ಲಿ ಹುಟ್ಟಿದ, ವಾರ್ಮಿಯಾ ಕ್ಯಾಥೆಡ್ರಲ್‌ನ ಕ್ಯಾನನ್, ವೃತ್ತಿಯಿಂದ ಆಡಳಿತಗಾರ ಮತ್ತು ವೈದ್ಯ’. ಫಲಕದಲ್ಲಿ ಜಾಗ ಕಡಿಮೆಯಿದ್ದರೆ ದೇಶದ ಹೆಸರನ್ನೇ ಬಿಟ್ಟು ತೊರೂನ್, ಫ್ರೊಂಬೊರ್ಕ್ ಎಂದು ಊರಿನ ಹೆಸರು ಹಾಕಿ, ಎರಡೂ ಇಂದು ಪೋಲೆಂಡಿನಲ್ಲಿವೆ ಎಂದು ಸೇರಿಸಿ. ಸ್ಪರ್ಧೆಯಲ್ಲಿ ತೀರ್ಪುಗಾರರು ‘ಪೋಲೆಂಡ್’ ಎಂಬ ಒಂದೇ ಪದ ನಿರೀಕ್ಷಿಸಿದರೆ ಮಕ್ಕಳು ಅದನ್ನೇ ಹೇಳಲಿ, ಅದು ಸುಳ್ಳಲ್ಲ.

ಸಮಾಧಿ ಸಿಕ್ಕಿರುವುದು ನಿಜ. 1542ರ ಕೊನೆಗೆ ಪಾರ್ಶ್ವವಾಯು ಬಡಿದು, 1543ರ ಮೇ 24ರಂದು ಅವನು ತೀರಿಕೊಂಡ. ಅಚ್ಚಾದ ಪುಸ್ತಕ ಕಣ್ಣಿಗೆ ಬಿದ್ದದ್ದು ಅದೇ ದಿನ ಎಂದು ಗೀಸೆ ರೆಟಿಕುಸ್‌ಗೆ ಬರೆದಿದ್ದಾನೆ. ಪ್ರತಿ ಕ್ಯಾನನ್‌ಗೂ ಕ್ಯಾಥೆಡ್ರಲ್‌ನಲ್ಲಿ ಒಂದೊಂದು ಪೂಜಾಪೀಠದ ಉಸ್ತುವಾರಿ ಇರುತ್ತಿತ್ತು, ಸತ್ತಾಗ ಅದರ ಬಳಿಯೇ ಹೂಳುವ ರೂಢಿ. ಗುರುತಿನ ಕಲ್ಲು ಇಲ್ಲದಿದ್ದರೂ 2005ರಲ್ಲಿ ಅವನ ಪೀಠದ ಬಳಿ ಅಗೆದದ್ದು ಈ ಸುಳಿವಿನ ಮೇಲೆ. ಅಲ್ಲಿ ಸುಮಾರು 70 ವರ್ಷದ ಗಂಡಸಿನ ತಲೆಬುರುಡೆ ಸಿಕ್ಕಿತು. ಹೋಲಿಸಿ ನೋಡಲು ವಂಶಸ್ಥರು ಇರಲಿಲ್ಲ. ಆದರೆ ಅವನು ವರ್ಷಗಟ್ಟಲೆ ಬಳಸಿದ ಪಂಚಾಂಗದಂಥ ಒಂದು ಪುಸ್ತಕ, 1626ರಲ್ಲಿ ಸ್ವೀಡನ್ನಿನ ಸೈನ್ಯ ಲೂಟಿ ಮಾಡಿದ್ದು, ಉಪ್ಸಾಲಾದಲ್ಲಿ ಉಳಿದಿತ್ತು. ಅದರ ಹಾಳೆಗಳ ನಡುವೆ ಸಿಕ್ಕ ಕೂದಲುಗಳಲ್ಲಿ ಎರಡರ ಡಿಎನ್‌ಎ ಹಲ್ಲಿನ ಡಿಎನ್‌ಎಗೆ ಹೊಂದಿತು. ಹೋಲಿಸಿದ್ದು ತಾಯಿಯ ಕಡೆಯಿಂದ ಬರುವ ಡಿಎನ್‌ಎಯನ್ನು, ಒಂದೇ ತಾಯಿಬಳ್ಳಿಯ ಬೇರೆಯವರಲ್ಲೂ ಅದು ಒಂದೇ ಇರುತ್ತದೆ. ಆದ್ದರಿಂದ ‘ನೂರಕ್ಕೆ ನೂರು’ ಎನ್ನದೆ ‘ಬಹುಮಟ್ಟಿಗೆ ಖಚಿತ’ ಎಂದು ಬರೆಸಿ. ಮರುಸಮಾಧಿ ನಡೆದದ್ದು 2010ರ ಮೇ 22ರಂದು, ಅದೇ ಕ್ಯಾಥೆಡ್ರಲ್‌ನಲ್ಲಿ.